‘ಮೊದಲು ನೋಡು’ ಎನ್ನುತ್ತಿದ್ದ ನೆಲ್ಸಿ

ನೆಲ್ಸಿ ತನ್ನ ಗುಲಾಬಿ ಮೇಲಂಗಿಯ ಗುಂಡಿಗಳನ್ನು ಬಿಚ್ಚುತ್ತಿದ್ದ ರೀತಿಯಲ್ಲಿ ನಾಚಿಕೆ ಇರಲಿಲ್ಲ, ಭಂಡತನವೂ ಇರಲಿಲ್ಲ. ದಿನಸಿ ಅಂಗಡಿಯವನು ಚೀಲದ ಬಾಯಿ ತೆರೆದು ಅಕ್ಕಿ ತೋರಿಸುವಾಗ ಇರುವಂಥ ವ್ಯವಹಾರದ ನಿರ್ಲಿಪ್ತತೆ ಇತ್ತು. ಪಾಲ್ಮೀರಾ ಊರಿನಲ್ಲಿ, ಕಬ್ಬಿನ ಗದ್ದೆಗೆ ಬೆಂಕಿ ಹಚ್ಚಿದ ದಿನ ಒಣಹಾಕಿದ ಬಟ್ಟೆಯ ಮೇಲೆಲ್ಲ ಕರಿಬೂದಿ ಉದುರುವ ನಮ್ಮ ಬೀದಿಯಲ್ಲಿ, ಅವಳದೊಂದು ಬ್ಯೂಟಿ ಪಾರ್ಲರ್. ಅದರ ಹಿಂದೊಂದು ಕಿಟಕಿಯಿಲ್ಲದ ಕೋಣೆ, ಶಾಂಪೂ ಡಬ್ಬಗಳ ನಡುವೆ ಒಂದು ಸ್ಟೂಲು. ಹೆತ್ತು, ಹಾಲೂಡಿಸಿ, ಜೋತುಬಿದ್ದ ಎದೆಯನ್ನು ಆಪರೇಷನ್ ಮಾಡಿಸಿ ಎತ್ತಿಸಿಕೊಳ್ಳಬೇಕೆಂದು ಮನಸ್ಸು ಮಾಡಿದ ನಮ್ಮ ಕಡೆಯ ಹೆಂಗಸರು ಡಾಕ್ಟರ ಬಳಿ ಹೋಗುವ ಮುನ್ನ ಆ ಸ್ಟೂಲಿನ ಮೇಲೆ ಕೂತು ಹೋಗುತ್ತಿದ್ದರು. ನೆಲ್ಸಿ ಚಿಲಕ ಹಾಕಿ, ದೀಪ ಹಾಕಿ, ಎದೆ ತೆರೆದು, “ಮೊದ್ಲು ನೋಡು. ಆಮೇಲೆ ಹೋಗು,” ಎನ್ನುತ್ತಿದ್ದಳು.

ನೋಡಿದರೆ ಕಾಣುತ್ತಿದ್ದದ್ದು ಇಷ್ಟು: ಎರಡೂ ಕಡೆ ದುಂಡಗೊಂದು ಗೆರೆ, ಅದರಿಂದ ನೇರವಾಗಿ ಕೆಳಗಿಳಿದ ಇನ್ನೊಂದು, ಬುಡದಲ್ಲಿ ಅಡ್ಡಕ್ಕೆ ಮತ್ತೊಂದು; ಎಡಗಡೆ ಮೊಲೆತೊಟ್ಟು ಇರಬೇಕಾದಲ್ಲಿ ಹೊಳೆಯುವ, ಸಪಾಟಾದ, ಬಣ್ಣಗೆಟ್ಟ ಚರ್ಮ.

ಆದರೆ ಬೀದಿಯಲ್ಲಿ ಅವಳನ್ನು ಕಂಡವರಿಗೆ ಇದರ ಸುಳಿವೂ ಹತ್ತುತ್ತಿರಲಿಲ್ಲ. ಬೆನ್ನು ನೆಟ್ಟಗೆ, ಎದೆ ಮುಂದಕ್ಕೆ, ಹಿಮ್ಮಡಿ ಊರಿ ಅವಳು ರೊಟ್ಟಿ ತರಲು ಹೊರಟರೂ ಮೆರವಣಿಗೆ ಹೊರಟ ಹಾಗಿರುತ್ತಿತ್ತು. ಅದೆಲ್ಲ ಒಳಗೆ ಹತ್ತಿ ತುಂಬಿ ತಾನೇ ಹೊಲಿದುಕೊಂಡ ಬಿಗಿರವಿಕೆಯ ಮಹಿಮೆ ಎಂದು ಬಲ್ಲ ಪಕ್ಕದ ಮನೆಯ ಅಂಪಾರೊ ಬೇಕೆಂದೇ ಕೂಗುತ್ತಿದ್ದಳು: “ಮೆಲ್ಲಗ್ ನಡಿಯೇ ನೆಲ್ಸಿ! ಪಾದ್ರಿಗಳು ಬರ್ತಿದಾರೆ, ಪ್ರಾರ್ಥನೆ ಮರ್ತುಬಿಟ್ಟಾರು!”

ಅವಳಿಗೆ ಈ ಉಪದೇಶದ ಕಸುಬು ಅಂಟಿಕೊಂಡದ್ದು ತಲೆ ತೊಳೆಯುವುದರಿಂದ. ಎದೆಯ ಹೊಲಿಗೆ ಮಾಗುವವರೆಗೆ ಕೈ ಮೇಲೆತ್ತುವ ಹಾಗಿಲ್ಲ. ತಲೆಗೆ ನೀರು ಹಾಕಿಕೊಳ್ಳಲಾಗದ ಹೆಂಗಸರು ಅವಳ ಕುರ್ಚಿಗೇ ಬಂದು ಒರಗಬೇಕು. ಬಿಸಿನೀರು ನೆತ್ತಿಗೆ ಬಿದ್ದೊಡನೆ ಅವರ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ವರ್ಷಗಟ್ಟಲೆ ಅವಳು ಕೇಳಿಸಿಕೊಂಡಳು. ಕೇಳಿಸಿಕೊಂಡದ್ದೆಲ್ಲ ಕೊನೆಗೆ ಪ್ರಶ್ನೆಗಳಾಗಿ ಹೊರಬಂತು.

ಮೂರನೆಯ ಮಗು ಹಾಲು ಬಿಟ್ಟ ಮೇಲೆ ನಾನೂ ಆ ಸ್ಟೂಲಿನ ಮೇಲೆ ಕೂತಿದ್ದೆ. ಶಾಲೆಯಲ್ಲಿ ಪಾಠ ಹೇಳುವವಳೆಂದು ನನಗೇನೂ ರಿಯಾಯಿತಿ ಸಿಗಲಿಲ್ಲ.

“ಇನ್ನೊಂದು ಮಗು ಬೇಕಾ, ಮೇಷ್ಟ್ರಮ್ಮ? ಬೇಕಾದ್ರೆ ಹೆತ್ತು ಮುಗ್ಸಿ ಬನ್ನಿ. ತೂಕ ಏರೋದು ಇಳಿಯೋದು ನಿಂತಿದ್ಯಾ? ಎದೇಲಿ ಗಂಟುಗಿಂಟು ಇಲ್ಲ ಅಂತ ಪರೀಕ್ಷೆ ಮಾಡ್ಸಿದೀರಾ? ಆಮೇಲೆ ಅಲ್ಲಿ ಮುಟ್ಟಿದ್ರೂ ಗೊತ್ತಾಗ್ದೇ ಹೋಗ್ಬಹುದು, ಒಪ್ಗೇನಾ? ಎತ್ತಿದ್ದು ಎತ್ತಿದ ಹಾಗೇ ಇರತ್ತೆ ಅನ್ಕೋಬೇಡಿ, ಭೂಮಿ ಮತ್ತೆ ಎಳೀತದೆ. ಗೊತ್ತಾಯ್ತಾ, ತಾಯೀ?”

ಕೊನೆಯ ಪ್ರಶ್ನೆಯನ್ನು ಅವಳು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಬಲಗೈ ಹಿಡಿದೆತ್ತಿ ಬೆರಳು ಮೂಸುತ್ತಿದ್ದಳು. “ಡಾಕ್ಟ್ರು ಸಿಗರೇಟು ಸೇದ್ತೀಯಾ ಅಂತ ಕೇಳಿದ್ರು. ಇಲ್ಲ ಅಂದೆ. ಅವತ್ತು ಬೆಳಗ್ಗೆ ಕೂಡ ಸೇದಿದ್ದೆ ನಾನು. ಹೊಗೆ ಕುಡಿದೋರಿಗೆ ಕುಯ್ದ ಜಾಗಕ್ಕೆ ರಕ್ತ ಸರಿಯಾಗಿ ಹೋಗಲ್ವಂತೆ. ಕಪ್ಪಾಯ್ತು, ಉದುರ್ತು. ಅಷ್ಟೇ ಕಥೆ.” ಇದನ್ನು ಹೇಳುವಾಗ ಅವಳ ದನಿ ಏರುತ್ತಲೂ ಇರಲಿಲ್ಲ, ನಡುಗುತ್ತಲೂ ಇರಲಿಲ್ಲ. ನಾನು ಮನೆಗೆ ಬಂದು ಅನ್ನಕ್ಕಿಟ್ಟೆ. ನಾನು ಅಲ್ಲಿಗೆ ಹೋಗಿದ್ದು ನನ್ನ ಗಂಡನಿಗೆ ಇವತ್ತಿಗೂ ಗೊತ್ತಿಲ್ಲ.

ನೆಲ್ಸಿಗೆ ಒಬ್ಬಳೇ ಮಗಳು, ಯೆಸೆನಿಯಾ. ಗಂಡ ಬಿಟ್ಟುಹೋದ ಮೇಲೆ ತಾಯಿ ಒಬ್ಬಳೇ ಸಾಕಿದ ಹುಡುಗಿ. ಈಗ ಕಾಲಿ ನಗರದಲ್ಲಿ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ, ಜೊತೆಗೊಂದು ಪುಟ್ಟ ಮಗು. ಭಾನುವಾರ ಅವಳು ಬಂದಾಗ ನಮಗೂ ಸಾಂಕೋಚೊ ಸಾರಿನ ಊಟಕ್ಕೆ ಕರೆ ಇರುತ್ತಿತ್ತು. ಅಂಥದೊಂದು ಭಾನುವಾರ ಅವಳು ಬಾಳೆಕಾಯಿ ಹೋಳು ಬಾಯಿಗಿಟ್ಟುಕೊಂಡು, ತಾನೂ ಎದೆ ಎತ್ತಿಸಿಕೊಳ್ಳುವುದಾಗಿ, ಅದಕ್ಕೆ ತಾರೀಖೂ ಗೊತ್ತಾಗಿರುವುದಾಗಿ ಹೇಳಿದಳು.

ನೆಲ್ಸಿ ತಟ್ಟನೆ ಅವಳ ಬೆರಳು ಹಿಡಿದು ಮೂಸಿದಳು. “ಬಿಡಬೇಕು ಕಣೇ ಇದನ್ನ. ಪೂರ್ತಿ ಬಿಟ್ಟು, ವಾರಗಟ್ಟಲೆ ಕಳೀಬೇಕು. ಡಾಕ್ಟ್ರಿಗೆ ನಿಜ ಹೇಳ್ಬೇಕು.”

“ಅಯ್ಯೋ, ಯಾವಾಗ್ಲೋ ಒಂದು ಅಮ್ಮಾ!” ಯೆಸೆನಿಯಾ ನಕ್ಕಳು. “ನಿಜ ಹೇಳಿದ್ರೆ ಮುಂದಕ್ ಹಾಕ್ತಾರೆ. ನೀನು ಮಾಡ್ಸ್ಕೊಂಡು ಎಷ್ಟ್ ಚೆನ್ನಾಗಿಲ್ಲ? ಇವತ್ತಿಗೂ ಬೀದೀಲಿ ಹೋದ್ರೆ ನನ್ನ ಬಿಟ್ಟು ನಿನ್ನ ನೋಡ್ತಾರೆ ಜನ. ನೀನೇ ಹೇಳಿದ್ದಲ್ವಾ, ನಿನ್ನ ಡಾಕ್ಟ್ರದು ಚಿನ್ನದಂಥ ಕೈ ಅಂತ? ನನ್ ಸರದಿ ಬಂದಾಗ ಮಾತ್ರ ಬೇಡ. ಹೊಟ್ಟೆಕಿಚ್ಚು ನಿಂಗೆ!”

ನಾನು ನೆಲ್ಸಿಯ ಮುಖ ನೋಡಿದೆ. ಅವಳು ಎದ್ದು ನಿಂತಳು. ಮಗಳನ್ನು ಒಳಗೆ ಕರೆಯುವವಳಂತೆ ಕೈ ಚಾಚಿದಳು. ಇನ್ನೊಂದು ಕೈ ಮೇಲಂಗಿಯ ಮೊದಲ ಗುಂಡಿಗೆ ಹೋಗಿತ್ತು, ಅದು ಬಿಚ್ಚಿಯೂ ಇತ್ತು. ಊರಿನ ಹೆಂಗಸರಿಗೆಲ್ಲ ನಿರಾಯಾಸವಾಗಿ ತೆರೆದುಕೊಳ್ಳುತ್ತಿದ್ದ ಆ ಅಂಗಿಯ ಮೇಲೆ ಅವಳ ಬೆರಳು ಅವತ್ತು ತಡವರಿಸಿ, ನಿಂತು, ಗುಂಡಿಯನ್ನು ಮತ್ತೆ ಹಾಕಿತು. “ಸಾರು ತಳ ಹತ್ತುತ್ತೆ,” ಎಂದು ಅವಳು ಅಡುಗೆಮನೆಗೆ ನಡೆದಳು. ಒಲೆ ಆಗಲೇ ಆರಿಸಿಯಾಗಿತ್ತು.

ಯೆಸೆನಿಯಾ ಡಾಕ್ಟರಿಗೆ ಸಿಗರೇಟು ಸೇದುವುದಿಲ್ಲ ಎಂದೇ ಹೇಳಿದಳು. ಆಪರೇಷನ್ನಿನ ಮುಂಚಿನ ದಿನಗಳಲ್ಲಿ ಹೆದರಿಕೆಯಿಂದ ಇನ್ನಷ್ಟು ಸೇದಿದಳಂತೆ. ಒಂದಲ್ಲ, ಎರಡೂ ಕಡೆ ಕಪ್ಪಾಯಿತು. ತಾಯಿಯ ಮನೆಯಲ್ಲೇ ಮಲಗಿ, ಪಟ್ಟಿ ಬದಲಾಯಿಸಿಕೊಂಡು, ಸತ್ತ ಚರ್ಮ ಕತ್ತರಿಸಿ ತೆಗೆಸಿಕೊಂಡು, ಆ ಹುಡುಗಿ ಮಾತೇ ಮರೆತವಳಂತಾದಳು. ನೆಲ್ಸಿ ಅಂಗಡಿಯ ಕುರ್ಚಿಯಲ್ಲಿ ಅವಳನ್ನು ಒರಗಿಸಿ ತಲೆ ತೊಳೆಯುತ್ತಿದ್ದಾಗ ನಾನು ಟವೆಲ್ ಹಿಡಿದು ಪಕ್ಕದಲ್ಲಿದ್ದೆ. ಅಂಪಾರೊ ರೊಟ್ಟಿಯ ಪೊಟ್ಟಣ ಹಿಡಿದು ಒಳಬಂದವಳು, ಮರುಕದಿಂದಲೇ ಅಂದಳು: “ಅಯ್ಯೋ ಮಗಳೇ, ನಿಮ್ಮಮ್ಮನ್ದು ನೋಡಿದ್ಮೇಲೂ ಹಿಂಗ್ ಮಾಡ್ಕೊಂಡ್ಯಲ್ಲೇ! ನಾನಂತೂ ಅದನ್ನ ನೋಡ್ದ ದಿನಾನೇ ಸಿಗರೇಟು ಬಿಸಾಕ್ದೆ.”

ಯೆಸೆನಿಯಾ ಕಣ್ಣು ತೆರೆದಳು. “ಅಮ್ಮನ್ದು? ಅಮ್ಮನ್ದು ಏನು?”

ಮೂವರು ಹೆಂಗಸರ ಮುಖಗಳನ್ನು ಒಂದೊಂದಾಗಿ ಓದಿ ಅವಳು ಕುರ್ಚಿಯಿಂದ ಎದ್ದಳು. “ಊರಿಗೆಲ್ಲಾ ತೋರ್ಸಿದ್ದೀಯ,” ಎಂದಳು, ಬಹಳ ಮೆಲ್ಲಗೆ. “ನಾನೊಬ್ಳು ಬೇಡವಾದ್ನಾ ಅಮ್ಮಾ?”

“ಒಬ್ಬರ ಕಣ್ಣಲ್ಲಾದ್ರೂ ನಾನು ಚೆಂದ ಇರಬೇಕಿತ್ತು ಮಗಳೇ,” ಎಂದಳು ನೆಲ್ಸಿ. “ಅದಕ್ಕೆ ನೀನೊಬ್ಳೇ ಇದ್ದದ್ದು ನಂಗೆ.”

ಆ ವಾರವೇ ಯೆಸೆನಿಯಾ ಕಾಲಿ ನಗರಕ್ಕೆ ಹೊರಟುಹೋದಳು. ಈಗ ಭಾನುವಾರ ಅವಳು ಬರುವುದಿಲ್ಲ. ನೆಲ್ಸಿ ಹಿಂದಿನ ಕೋಣೆಯಲ್ಲಿ ಶಾಂಪೂ ಡಬ್ಬಗಳನ್ನಷ್ಟೇ ಇಡುತ್ತಾಳೆ; ಯಾರಾದರೂ ಕೇಳಿಕೊಂಡು ಬಂದರೆ “ಡಾಕ್ಟ್ರನ್ನೇ ಕೇಳಮ್ಮ” ಎಂದು ಸಾಗಹಾಕುತ್ತಾಳೆ.

ಸತ್ಯವನ್ನು ಊರಿಗೆಲ್ಲ ಹಂಚಿ, ಮನೆಯವರಿಗೆ ಮಾತ್ರ ಒಂದು ಸುಂದರ ಸುಳ್ಳನ್ನು ಎತ್ತಿಡುವ ಇಂಥವರನ್ನು ಕಪಟಿಗಳೆನ್ನುವುದು ಸುಲಭ. ನನಗೆ ಬಾಯಿ ಬರುವುದಿಲ್ಲ. ಪರರ ಮುಂದೆ ಗಾಯ ತೆರೆಯುವುದಕ್ಕೆ ಧೈರ್ಯವೊಂದಿದ್ದರೆ ಸಾಕು. ನಮ್ಮನ್ನು ಮೆಚ್ಚುತ್ತಲೇ ಬೆಳೆದ ಕಣ್ಣುಗಳ ಮುಂದೆ ತೆರೆಯುವುದಕ್ಕೆ ಆ ಮೆಚ್ಚುಗೆಯನ್ನೇ ಬಿಟ್ಟುಕೊಡಬೇಕು. ಒಂಟಿಯಾಗಿ ಸವೆದ ಎಷ್ಟೋ ತಾಯಂದಿರಿಗೆ ಬದುಕು ಉಳಿಸಿಕೊಟ್ಟದ್ದೇ ಅದೊಂದನ್ನು. ಅದನ್ನು ಕಳೆದುಕೊಳ್ಳಲಾರದೆ ಅವರು ಮಕ್ಕಳನ್ನೇ ಕಳೆದುಕೊಳ್ಳುತ್ತಾರೆ.