ಪಿತ್ತಾಮ್ಲ ನಾರ್ಮಲ್

ನನ್ನ ಗಂಡ ಹರಿನಾಥರು ಎಸಿಯ ಬಿಡಿಭಾಗ ಮಾರುವ ಕಂಪನಿಯಲ್ಲಿ ಮ್ಯಾನೇಜರ್. ಈ ಫೆಬ್ರವರಿಯಿಂದ ಅವರು ಕರುಳಿನ ಕ್ಯಾನ್ಸರಿನ ತಜ್ಞರೂ ಹೌದು. ಅದಕ್ಕಾಗಿ ಯಾವ ಕಾಲೇಜಿಗೂ ಹೋಗಲಿಲ್ಲ. ಬಹರೈನಿನ ಉಮ್ ಅಲ್ ಹಸ್ಸಮ್‌ನ ನಮ್ಮ ಫ್ಲ್ಯಾಟಿನ ಸೋಫಾದಲ್ಲಿ ಕಾಲು ಚಾಚಿ, ಮೊಬೈಲ್ ನೋಡುತ್ತಲೇ ಪಾಸಾದರು.

ಯಾವುದೋ ಸಂಶೋಧನೆಯ ಸುದ್ದಿ ಅವರಿಗೆ ಸಿಕ್ಕಿತ್ತು. ಸಾವಿರಾರು ಜನರ ರಕ್ತ ತೆಗೆದಿಟ್ಟು ವರ್ಷಗಟ್ಟಲೆ ಕಾದು ನೋಡಿದರಂತೆ. ರಕ್ತದಲ್ಲಿ ಪಿತ್ತಾಮ್ಲ, ಅಂದರೆ ಬೈಲ್ ಆಸಿಡ್, ಜಾಸ್ತಿ ಇದ್ದವರಿಗೆ ಮುಂದೆ ದೊಡ್ಡ ಕರುಳಿನ ಕ್ಯಾನ್ಸರ್ ಬರುವುದು ಸ್ವಲ್ಪ ಹೆಚ್ಚಂತೆ. ಆ 'ಸ್ವಲ್ಪ' ಎಂಬ ಶಬ್ದವನ್ನು ಇವರು ಓದಲಿಲ್ಲ. ಮರುದಿನದಿಂದ ನಮ್ಮ ಮನೆಯ ಬಂಗುಡೆ ಮೀನು ಎಣ್ಣೆ ಕಾಣಲಿಲ್ಲ. ತುಪ್ಪದ ಡಬ್ಬಿ ವಾಚ್‌ಮನ್ ಪಾಲಾಯಿತು. ಕೋರಿ ರೊಟ್ಟಿಯಲ್ಲಿ ಕೋರಿ, ಅಂದರೆ ಕೋಳಿ, ಹೋಗಿ ರೊಟ್ಟಿ ಮಾತ್ರ ಉಳಿಯಿತು. "ಪಪ್ಪಾ, ದಿಸ್ ಈಸ್ ಟಾರ್ಚರ್" ಎಂದು ಮಗಳು ಅನಿಷಾ ತಟ್ಟೆ ದೂಡಿದಳು.

ಅದೇ ಫೆಬ್ರವರಿಯಲ್ಲಿ ನನಗೆ ಮಲದಲ್ಲಿ ರಕ್ತ ಹೋಗಲು ಶುರುವಾಗಿತ್ತು. ಮೊದಲ ಸಲ ಕಂಡಾಗ ಬಾತ್‌ರೂಮಿನ ಬಾಗಿಲು ಹಿಡಿದುಕೊಂಡು ನಿಂತಿದ್ದೆ. ನನ್ನ ದೊಡ್ಡಮ್ಮನಿಗೂ ಹೀಗೇ ಶುರುವಾಗಿತ್ತು. ಅವರು ಒಂದು ವರ್ಷವೂ ಉಳಿಯಲಿಲ್ಲ. ಅಂದೇ ಇವರಿಗೆ ಹೇಳಿದೆ.

"ಮೂಲವ್ಯಾಧಿ ಇರ್ಬೇಕು. ಉಷ್ಣಕ್ಕೆ ಆಗ್ತದೆ. ಜುಲೈಯಲ್ಲಿ ಊರಿಗೆ ಹೋಗುವಾಗ ತೋರಿಸುವ" ಎಂದರು ಇವರು, ಮೊಬೈಲಿನಿಂದ ತಲೆ ಎತ್ತದೆ.

ಈ ಜುಲೈಯ ವಿಷಯ ಸ್ವಲ್ಪ ಹೇಳಬೇಕು. ಗಲ್ಫಿನಲ್ಲಿರುವ ನಮ್ಮ ಜನರ ಕಾಯಿಲೆಗಳು ಬಹಳ ಶಿಸ್ತಿನವು. ಹಲ್ಲು, ಮಂಡಿ, ಕಣ್ಣಿನ ಪೊರೆ, ಗರ್ಭಕೋಶ ಎಲ್ಲವೂ ವಾರ್ಷಿಕ ರಜೆಯ ತನಕ ಬಾಯಿಮುಚ್ಚಿಕೊಂಡು ಕಾದು, ನಮ್ಮ ಜೊತೆಗೇ ವಿಮಾನ ಹತ್ತಿ ಮಂಗಳೂರಿನಲ್ಲಿ ಇಳಿಯಬೇಕು. ಇಳಿದ ಮೇಲೆ ಶುಭಕಾರ್ಯ ಮಾಡದ ಆಟಿ ತಿಂಗಳು ಬರುವ ಮೊದಲು ಮುಗಿಸಬೇಕಾದ ಮದುವೆಗಳು, ಯಾರದೋ ಹೊಸ ಮನೆಯ ಒಕ್ಕಲು, ನಾದಿನಿ ಮನೆಯ ಊಟ. ಆಸ್ಪತ್ರೆಗೆ ಹೋಗಲು ಉಳಿಯುವುದು ವಾಪಸು ಹೊರಡುವ ಹಿಂದಿನ ದಿನ. ಅಂದು ಡಾಕ್ಟರು ಊರಲ್ಲಿರುವುದಿಲ್ಲ. ಆಗ ಕಾಯಿಲೆಯೂ ನಮ್ಮ ಜೊತೆ ಮತ್ತೆ ಬಹರೈನಿಗೆ ಬಂದು ಮುಂದಿನ ಜುಲೈ ಕಾಯುತ್ತದೆ.

ಕೆಳಗಿನ ಫ್ಲ್ಯಾಟಿನ, ಮಂಗಳೂರಿನವಳೇ ಆದ ವೆಂಡಿ ಅದ್ಲಿಯಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಅವಳಿಗೆ ಹೇಳಿದಾಗ ಅವಳ ಮುಖ ಗಂಭೀರವಾಯಿತು. "ರಾಜೀವಕ್ಕ, ಮೂಲವ್ಯಾಧಿಯಾದರೆ ಒಳ್ಳೇದೇ. ಆದ್ರೆ ಒಳಗೆ ನೋಡದೆ ಹೇಳುವುದು ಹೇಗೆ? ಕೊಲೊನೋಸ್ಕೋಪಿ ಮಾಡಿಸಿ. ಜುಲೈ ಅಲ್ಲ, ಈ ವಾರ."

ಇದನ್ನು ಇವರ ಮುಂದಿಟ್ಟೆ. ಇವರು ನಕ್ಕರು. "ಎಂತ ಮಾರಾಯ್ತಿ, ಈಗ ಕ್ಯಾಮೆರಾ ಎಲ್ಲ ಹಾಕಬೇಕಂತ ಇಲ್ಲ. ವಿಜ್ಞಾನ ರಕ್ತದಲ್ಲೇ ಹೇಳ್ತದೆ. ನಿನ್ನ ಪಿತ್ತಾಮ್ಲ ನೋಡಿಸುವ."

ಹಾಗೆ ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋದರು. ಅಲ್ಲಿ ರಕ್ತ ತೆಗೆಯುವ ಹುಡುಗಿ ನಸೀಹಾ ಬಂಟ್ವಾಳದ ಕಡೆಯವಳು. ಟೆಸ್ಟಿನ ಹೆಸರು ಓದಿ, ನನ್ನ ನರೆಗೂದಲು ನೋಡಿ, ಪುನಃ ಟೆಸ್ಟಿನ ಹೆಸರು ಓದಿದಳು.

"ಅಕ್ಕ, ಎಷ್ಟು ತಿಂಗಳು?"

ಈ ಟೆಸ್ಟನ್ನು ಅಲ್ಲಿ ಹೆಚ್ಚಾಗಿ ಮಾಡಿಸುವುದು ಮೈ ತುರಿಸುವ ಬಸುರಿಯರಿಗಂತೆ. "ನನಗೆ ಐವತ್ತೆರಡು ವರ್ಷ" ಎಂದೆ. ಅವಳು ನಾಲಿಗೆ ಕಚ್ಚಿಕೊಂಡಳು. ತಜ್ಞರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ರಿಪೋರ್ಟು ನಾರ್ಮಲ್ ಬಂತು. ಇವರು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, "ಈಗ ಸಮಾಧಾನ ಆಯ್ತಲ್ವಾ?" ಎಂದರು. ಮರುದಿನ ಬೆಳಿಗ್ಗೆ ಮತ್ತೆ ರಕ್ತ ಹೋಯಿತು. ಆ ರಕ್ತಕ್ಕೆ ರಿಪೋರ್ಟು ಓದಲು ಬರುತ್ತಿರಲಿಲ್ಲವೆಂದು ಕಾಣುತ್ತದೆ.

ನೀನೇ ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಹೋಗಬಹುದಿತ್ತು. ಆದರೆ ನನಗೆ ಹೆದರಿಕೆ. ಫ್ರಿಜ್ಜಿನ ಮೇಲಿನ ಆ ಕಾಗದವನ್ನು ನಂಬಿದಷ್ಟು ದಿನ ನಾನು ರೋಗಿಯಲ್ಲ. ಹಾಲು ತೆಗೆಯುವಾಗಲೆಲ್ಲ ಅದನ್ನು ಓದುತ್ತಿದ್ದೆ, ಓದಿ ಬಾಗಿಲು ಹಾಕುತ್ತಿದ್ದೆ.

ಮೇ ತಿಂಗಳ ಒಂದು ಶುಕ್ರವಾರ ಇಲ್ಲಿನ ನಮ್ಮ ಊರಿನವರ ಸಂಘದಲ್ಲಿ ಇವರ ಉಪನ್ಯಾಸ ಇಟ್ಟರು. ವಿಷಯ 'ಪಿತ್ತಾಮ್ಲ ಮತ್ತು ನಾವು'. ಸಂಘದ ಕಾರ್ಯದರ್ಶಿ ರೂಪೇಶ್ ಇವರನ್ನು "ಸ್ವಯಂ ಸಂಶೋಧಕರು" ಎಂದು ಪರಿಚಯಿಸಿದರು. ಇವರು ಕೋಟು ಹಾಕಿದ್ದರು. ಹೊರಗೆ ಎಷ್ಟು ಸೆಕೆ ಇತ್ತೆಂದರೆ ಕಾರಿನ ಹಿಡಿ ಮುಟ್ಟಲಾಗುತ್ತಿರಲಿಲ್ಲ.

"ನಮ್ಮ ಲಿವರ್ ಪಿತ್ತಾಮ್ಲ ಮಾಡಿ ಕರುಳಿಗೆ ಬಿಡ್ತದೆ, ಕೊಬ್ಬು ಕರಗಿಸ್ಲಿಕ್ಕೆ" ಎಂದು ಶುರುಮಾಡಿದರು. "ಇದು ಗುರುವಾರ ಸಂಜೆ ಕಾಸ್‌ವೇ ಸೇತುವೆ ದಾಟಿ ಬರುವ ಸೌದಿ ಕಾರುಗಳ ಹಾಗೆ. ಬಂದ ಕೆಲಸ ಮುಗಿಸಿ ಹೆಚ್ಚಿನವು ವಾಪಸು ಹೋಗ್ತವೆ. ಕೆಲವು ಮಾತ್ರ ದೊಡ್ಡ ಕರುಳಿನ ಕಡೆ ದಾರಿತಪ್ಪಿ, ಅಲ್ಲಿನ ಬ್ಯಾಕ್ಟೀರಿಯಾದ ಸಹವಾಸದಿಂದ ಹಾಳಾಗ್ತವೆ." ಜನ ನಕ್ಕರು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಹೇಳಿದರು. ಅದೇ ನನ್ನ ಹೊಟ್ಟೆ ಉರಿಸಿತು.

ಪ್ರಶ್ನೆಗಳ ಹೊತ್ತು ಬಂತು. ನಮ್ಮ ಸಂಘದಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ, ಹಿಂದಿನ ಕೋಣೆಯಲ್ಲಿ ಚಾ, ಗೋಳಿಬಜೆ ತಯಾರಾಗಿರುತ್ತದೆ. ಆದರೆ ಮುಂದಿನ ಸಾಲಿನಿಂದ ವೆಂಡಿ ಎದ್ದು ನಿಂತಳು.

"ಸರ್, ಒಬ್ಬರಿಗೆ ಮೋಷನ್ನಲ್ಲಿ ರಕ್ತ ಹೋಗ್ತಾ ಉಂಟು ಅಂತ ಇಟ್ಕೊಳ್ಳಿ. ಏನು ಮಾಡ್ಬೇಕು?"

ಇವರಿಗೆ ಮೈಕು ಕೈಯಲ್ಲಿದ್ದರೆ ಹೆಂಡತಿ ಮರೆತುಹೋಗುತ್ತಾಳೆ. "ಒಳ್ಳೆ ಪ್ರಶ್ನೆ! ಒಂದು ದಿನವೂ ಕಾಯಬಾರ್ದು. ಡಾಕ್ಟರ್ ಹತ್ರ ಹೋಗಿ ಕೊಲೊನೋಸ್ಕೋಪಿ ಮಾಡಿಸ್ಬೇಕು. ನಮ್ಮವರದ್ದು ಒಂದು ರೋಗ ಉಂಟು. ಎಲ್ಲದಕ್ಕೂ ಜುಲೈ, ಎಲ್ಲದಕ್ಕೂ ಊರು! ಹಾಗೆ ಹೇಳುವವರಿಗೆ ಬುದ್ಧಿ ಇಲ್ಲ."

ದೊಡ್ಡ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಆಮೇಲೆ ಎದ್ದು ನಿಂತೆ.

"ಸರ್, ನನಗೆ ಫೆಬ್ರವರಿಯಿಂದ ರಕ್ತ ಹೋಗ್ತಾ ಉಂಟು. ನನ್ನ ಗಂಡ ಜುಲೈ ಅಂತ ಹೇಳ್ತಾರೆ. ಅವರಿಗೆ ಯಾರು ಹೇಳುವುದು?"

ಇವರು ಮೈಕನ್ನು ಆರಿಸಲು ಹೋಗಿ ಇನ್ನೂ ಜೋರು ಮಾಡಿದರು. ಆದ್ದರಿಂದ "ನಾಳೆಯೇ ಹೋಗುವ" ಎಂದು ಅವರು ಮೆಲ್ಲಗೆ ಹೇಳಿದ್ದು ಗೋಳಿಬಜೆಯವನಿಗೂ ಕೇಳಿಸಿತು.

ಮರುದಿನ ಡಾಕ್ಟರನ್ನು ಕಂಡೆವು, ಆ ವಾರವೇ ಕೊಲೊನೋಸ್ಕೋಪಿ ಆಯಿತು. ಒಳಗೊಂದು ದೊಡ್ಡ ಗಂಟು ಸಿಕ್ಕಿತು, ಅದನ್ನು ಆಗಲೇ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವ ತನಕ ನಾನು ದೇವರನ್ನೂ ಕೇಳಲಿಲ್ಲ, ದೇವರು ಉತ್ತರ ಹೇಳಿಬಿಟ್ಟರೆ ಎಂಬ ಭಯಕ್ಕೆ. ಕೊನೆಗೆ ಬಹರೈನಿ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಅದಿನ್ನೂ ಕ್ಯಾನ್ಸರ್ ಆಗಿರಲಿಲ್ಲ, ಆದರೆ ಆಗುವ ದಾರಿಯಲ್ಲಿ ಬಹಳ ದೂರ ಬಂದಿತ್ತು. ಪೂರ್ತಿ ತೆಗೆದಾಗಿದೆ, ಇನ್ನು ಆಗಾಗ ನೋಡುತ್ತಿದ್ದರೆ ಸಾಕು.

"ಡಾಕ್ಟರ್, ಬಟ್ ಇವಳ ಬೈಲ್ ಆಸಿಡ್ ನಾರ್ಮಲ್ ಇತ್ತಲ್ಲ?" ಎಂದರು ಇವರು, ತಮ್ಮದೇ ಇಂಗ್ಲಿಷಿನಲ್ಲಿ. ಫ್ರಿಜ್ಜಿನ ಕಾಗದವನ್ನು ಮಡಚಿ ಕಿಸೆಯಲ್ಲಿ ತಂದಿದ್ದರು.

ಡಾಕ್ಟರಮ್ಮ ಕಾಗದ ನೋಡಿ ವಾಪಸು ಕೊಟ್ಟರು. "ನೀವು ಓದಿದ್ದು ಸಾವಿರಾರು ಜನರ ಲೆಕ್ಕ. ಇವರು ಒಬ್ಬರು."

ಕಾರಿನಲ್ಲಿ ಕೂತೆವು. ಎಸಿ ಮಾರುವ ಮನುಷ್ಯ ಎಸಿ ಹಾಕಲಿಲ್ಲ, ಸ್ಟೇರಿಂಗ್ ಹಿಡಿದು ಅಳತೊಡಗಿದರು. "ನೀನು ಹೇಳಿದ ದಿನವೇ ನನಗೆ ನಿನ್ನ ದೊಡ್ಡಮ್ಮನ ನೆನಪಾಯ್ತು ರಾಜೀವಿ. ನಿದ್ರೆ ಬರ್ಲಿಲ್ಲ. ನಿನಗೆ ಅದು ಇಲ್ಲ ಅಂತ ಯಾರಾದ್ರೂ ಬರೆದಿದ್ದಾರಾ ಅಂತ ಹುಡುಕ್ಲಿಕ್ಕೆ ಕೂತದ್ದು. ಆಗ ಈ ಪಿತ್ತಾಮ್ಲ ಸಿಕ್ಕಿತು."

ಆಗ ನನಗೆ ಲೆಕ್ಕ ತಾಳೆಯಾಯಿತು. ಇವರು ತಜ್ಞರಾದದ್ದು ನಾನು ಹೇಳಿದ ಮೇಲೆ. ಬಂಗುಡೆ, ತುಪ್ಪ, ಕೋಟು ಎಲ್ಲವೂ ಹೆದರಿಕೆಯೇ. ಪಾಪ ಅನಿಸಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಹೆದರಿಕೆ ಆದ್ರೆ ಹೆದರಿಕೆ ಆಗ್ತದೆ ಅಂತ ಹೇಳ್ಬಹುದಿತ್ತಲ್ಲ ಮಾರಾಯ್ರೆ? ನಾನೂ ಹೆದರಿದ್ದೆ. ಇಬ್ಬರೂ ಒಟ್ಟಿಗೆ ಹೆದರಬಹುದಿತ್ತು."

ಅವರು ತಲೆಯಾಡಿಸಿ ಕಣ್ಣೊರೆಸಿಕೊಂಡರು. ನಾನು ಅವರನ್ನೇ ನೋಡಿದೆ. ನನಗಿಂತ ನಾಲ್ಕು ವರ್ಷ ದೊಡ್ಡವರು, ಯಾವ ಕ್ಯಾಮೆರಾವೂ ಇದುವರೆಗೆ ನೋಡದ ಹೊಟ್ಟೆ.

"ಈಗ ನಿಮ್ಮದು ಯಾವಾಗ ಮಾಡಿಸುವುದು?"

"ನನ್ನದಾ?" ಎಂದು ಮೂಗು ಒರೆಸಿಕೊಂಡರು. "ನನಗೇನೂ ಇಲ್ವಲ್ಲ. ಹೇಗೂ ಜುಲೈಯಲ್ಲಿ..."

ನಾನು ಕಾರಿನ ಬಾಗಿಲು ತೆಗೆದು ಇಳಿದು, ಇವರ ಹೆಸರು ಬರೆಸಲು ಆಸ್ಪತ್ರೆಯ ಒಳಗೆ ನಡೆದೆ.