ಎಸ್ತರಮ್ಮನ ಗರಾಜ್ ಬಾಗಿಲು

ನಮ್ಮ ಹೆಂಗಸರ ಕೈ ಸುಮ್ಮನಿರುವುದಿಲ್ಲ. ಕೊಳೆ ಕಂಡರೆ ಒರೆಸಬೇಕು, ಕಲೆ ಕಂಡರೆ ತಿಕ್ಕಬೇಕು. ನಾನೂ ಅದೇ ಗುಂಪಿನವಳು. ಯಾರದೋ ಮನೆಗೆ ಊಟಕ್ಕೆ ಹೋದರೂ ಅವರ ಸಿಂಕ್ ತೊಳೆದು ಬರುವವಳು. ಹಾಗಾಗಿ ಪ್ರಭಾವತಿ ಆಂಟಿ ಮಾಡಿದ ತಪ್ಪಿಗೆ ಬೈಯುವ ಯೋಗ್ಯತೆ ನನಗಿಲ್ಲ. ಆದರೂ ಬೈದೆ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಪ್ರಭಾವತಿ ಆಂಟಿ, ಅವರ ಯಜಮಾನರು ಸಂಗನಬಸಪ್ಪ ಅಂಕಲ್ ಬಾಗಲಕೋಟೆ ಕಡೆಯವರು. ಅಮೆರಿಕಾದ ವೆಸ್ಟ್ ಬ್ಲೂಮ್‌ಫೀಲ್ಡ್‌ನ ನಮ್ಮ ಬಡಾವಣೆಯಲ್ಲಿ ಹದಿನೆಂಟು ವರ್ಷದಿಂದ ಇದ್ದಾರೆ. ಅಂಕಲ್ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಪೇಂಟ್ ಇಂಜಿನಿಯರ್ ಆಗಿದ್ದವರು, ಹೋದ ವರ್ಷ ರಿಟೈರ್ ಆದರು. ಅವರ ಮನೆಗೂ ನಮ್ಮ ಮನೆಗೂ ಮಧ್ಯೆ ಇರುವುದು ಎಸ್ತರ್ ಅವರ ಮನೆ. ಎಪ್ಪತ್ತೆಂಟು ವರ್ಷದ ಯಹೂದಿ ಹೆಂಗಸು, ಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ಈಗ ಒಬ್ಬರೇ ಇದ್ದಾರೆ. ಆಂಟಿ ಅವರನ್ನು ಕರೆಯುವುದೇ ಎಸ್ತರಮ್ಮ ಅಂತ. ಆಂಟಿಯ ಇಂಗ್ಲಿಷ್ ಅಷ್ಟಕ್ಕಷ್ಟೇ, ಎಸ್ತರಮ್ಮನ ಕಿವಿ ಅಷ್ಟಕ್ಕಷ್ಟೇ, ಆದರೂ ಇಬ್ಬರೂ ದಿನಾ ಗಂಟೆಗಟ್ಟಲೆ ಮಾತಾಡುತ್ತಾರೆ. ಹೇಗೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹೋದ ಜೂನ್‌ನಲ್ಲಿ ಎಸ್ತರಮ್ಮ ನಾಲ್ಕು ದಿನಕ್ಕೆಂದು ಶಿಕಾಗೋ ಹತ್ತಿರ ತಂಗಿಯ ಮನೆಗೆ ಹೋಗಿದ್ದರು. ಗಿಡಗಳಿಗೆ ನೀರು ಹಾಕುವ ಕೆಲಸ ಆಂಟಿಯದು. ಕೊನೆಯ ದಿನ ಬೆಳಿಗ್ಗೆ ಆರೂವರೆಗೆ ಆಂಟಿ ಪೈಪ್ ಎಳೆದುಕೊಂಡು ಹೋದರೆ, ಗರಾಜ್ ಬಾಗಿಲ ಮೇಲೆ ಈ ತುದಿಯಿಂದ ಆ ತುದಿಗೆ ಕಪ್ಪು ಸ್ಪ್ರೇ ಪೇಂಟ್. ಯಹೂದಿಗಳೇ ಇಲ್ಲಿಂದ ತೊಲಗಿ ಎಂದು ಬರೆದಿತ್ತು. ಅದರ ಕೆಳಗೆ ಇನ್ನೊಂದು ಹೊಲಸು ಮಾತಿತ್ತು, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಎಸ್ತರಮ್ಮ ಮಧ್ಯಾಹ್ನ ವಾಪಸ್ ಬರುವವರಿದ್ದರು. ಇದು ಅವರ ಕಣ್ಣಿಗೆ ಬೀಳಬಾರದು, ಆಂಟಿಯ ತಲೆಗೆ ಬಂದದ್ದು ಇಷ್ಟೇ. ಮನೆಗೆ ಓಡಿ ಅಂಕಲ್ ಇಟ್ಟಿದ್ದ ಥಿನ್ನರ್ ಡಬ್ಬಿ, ಒಂದು ಹಳೇ ಟವೆಲ್ ತಂದು ಎರಡು ಗಂಟೆ ತಿಕ್ಕಿದರು. ಅಕ್ಷರ ಹೋಯಿತು, ಅದರ ಜೊತೆ ಬಾಗಿಲಿನ ಬಿಳಿ ಬಣ್ಣವೂ ಹೋಯಿತು.

ಮಧ್ಯಾಹ್ನ ಎಸ್ತರಮ್ಮ ಕಾರು ನಿಲ್ಲಿಸಿ ಬಾಗಿಲನ್ನೇ ನೋಡುತ್ತಾ ನಿಂತರು. ಬೂದು ಬೂದು ಕಲೆ, ಥಿನ್ನರ್ ವಾಸನೆ, ಒಂದು ಮೂಲೆಯಲ್ಲಿ ಉಳಿದುಹೋದ ಕಪ್ಪು ಗೀರು. ಪೊಲೀಸರಿಗೆ ಫೋನ್ ಮಾಡಿದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ, ಒರೆಸಿದ್ದು ಆಂಟಿ ಅಂತ ಆಗ ನನಗೂ ಗೊತ್ತಿರಲಿಲ್ಲ. ಬಂದ ಆಫೀಸರ್ ಒಳ್ಳೆಯವಳೇ, ಸಮಾಧಾನವಾಗಿ ಕೇಳಿದಳು. ಏನು ಬರೆದಿತ್ತು ಅಂತ ನೋಡಿದವರು ಯಾರಾದರೂ ಇದ್ದಾರಾ, ಫೋಟೋ ಇದೆಯಾ ಅಂತ. ಯಾರೂ ಮುಂದೆ ಬರಲಿಲ್ಲ.

"ಹಾಗಾದರೆ ಸದ್ಯಕ್ಕೆ ಆಸ್ತಿಗೆ ಹಾನಿ ಅಂತ ಮಾತ್ರ ಬರೆದುಕೊಳ್ಳಬಹುದು" ಎಂದಳು ಆಫೀಸರ್. "ಹೋದ ತಿಂಗಳು ಪಾರ್ಕಿನ ಬೆಂಚಿನ ಮೇಲೆ ಯಹೂದಿಗಳ ವಿರುದ್ಧ ಬರೆದಿದ್ದರು. ಇಲ್ಲೂ ಅದೇ ಮಾತು ಅಂತ ಗೊತ್ತಾಗಿದ್ದರೆ ಎರಡನ್ನೂ ಸೇರಿಸಿ ದ್ವೇಷದ ಅಪರಾಧ ಅಂತ ತನಿಖೆ ಮಾಡಬಹುದಿತ್ತು."

ಅವಳು ಹೋದ ಮೇಲೆ ಎಸ್ತರಮ್ಮ ಮೆಟ್ಟಿಲ ಮೇಲೆ ಕೂತರು. "ಬರೆದವನ ಮೇಲೆ ನನಗೆ ಅಷ್ಟು ಬೇಜಾರಿಲ್ಲ ಶೈಲಾ" ಎಂದರು. "ಅಂಥವರನ್ನ ಚಿಕ್ಕಂದಿನಿಂದ ನೋಡಿದ್ದೀನಿ. ಒರೆಸಿದ್ದು ಯಾರು? ಈ ಬೀದಿಯವರೇ ಯಾರೋ. ಸುದ್ದಿ ಆಗಬಾರದು, ಮನೆಗಳ ಬೆಲೆ ಇಳೀಬಾರದು ಅಂತ ಮುಚ್ಚಿಹಾಕಿದ್ದಾರೆ. ಮಗಳು ಅರಿಜೋನಾಗೆ ಬಾ ಅಂತ ಎರಡು ವರ್ಷದಿಂದ ಕರೀತಿದ್ದಾಳೆ. ನಾಳೆ ಏಜೆಂಟ್‌ಗೆ ಫೋನ್ ಮಾಡ್ತೀನಿ, ಮನೆ ಮಾರಿಬಿಡ್ತೀನಿ."

ಮರುದಿನ ಬೆಳಿಗ್ಗೆ ಇದನ್ನು ಹೇಳಿಕೊಳ್ಳೋಣ ಅಂತ ಆಂಟಿಯ ಮನೆಗೆ ಹೋದೆ. ಎಸ್ತರಮ್ಮ ಹೇಳಿದ್ದನ್ನು ಹೇಳುತ್ತಿದ್ದಂತೆ ಆಂಟಿ ಕೈಯಲ್ಲಿದ್ದ ಚಹಾ ಕೆಳಗಿಟ್ಟು ಅಳತೊಡಗಿದರು.

"ನಾನs ಒರಿಸಿದ್ದು ಶೈಲಾ. ಆಕಿ ನೋಡಿ ನೊಂದ್ಕೋಬಾರ್ದು ಅಂತ ಒರಿಸಿದೆ."

ಆಗಲೇ ನಾನು ಬೈದದ್ದು. "ಏನಾಂಟಿ ನೀವು, ಒಂದು ಫೋಟೋ ತೆಗೆಯೋಕೆ ಆಗ್ತಿರ್ಲಿಲ್ವಾ? ನನ್ನನ್ನಾದ್ರೂ ಕರೀಬಾರ್ದಿತ್ತಾ? ಪೊಲೀಸರು ಬಂದಾಗ ಎಲ್ಲಿದ್ರಿ?"

"ಕರ್ಟನ್ ಹಿಂದ ನಿಂತಿದ್ಲು" ಎಂದರು ಅಂಕಲ್. "ನಾನs ಹೋಗಬ್ಯಾಡ ಅಂದಿದ್ದೆ. ಮುಂದಿನ ತಿಂಗಳು ನಮ್ಮಿಬ್ಬರದೂ ಸಿಟಿಜನ್‌ಶಿಪ್ ಇಂಟರ್‌ವ್ಯೂ ಐತಿ. ಹದಿನೆಂಟು ವರ್ಷ ಒಂದು ಪಾರ್ಕಿಂಗ್ ಟಿಕೆಟ್ ಸೈತ ತಗೊಂಡಿಲ್ಲ ನಾನು. ಈಗ ಪೊಲೀಸರ ಕಾಗದದಾಗ ಹೆಸರು ಬಂದ್ರ ಮುಗೀತಲ್ಲ ಕಥಿ? ಮ್ಯಾಲ ಬಾಗಿಲಾ ಬ್ಯಾರೆ ಕೆಡಿಸ್ಯಾಳ. ಇವಳs ಮಾಡಿದ್ದು ಅಂದ್ರ ಏನ್ಮಾಡ್ತಿ?"

"ಅಂಕಲ್, ಸಾಕ್ಷಿ ಹೇಳೋದೇ ಬೇರೆ, ಕೇಸ್ ಹಾಕಿಸ್ಕೊಳ್ಳೋದೇ ಬೇರೆ."

"ನೀ ಹೇಳ್ತಿ. ನಿನಗ ಪಾಸ್‌ಪೋರ್ಟ್ ಸಿಕ್ಕೈತಿ."

ಮಾತು ನೆಟ್ಟಗೆ ನಾಟಿತು. ನಿಜ, ನನಗೆ ಸಿಕ್ಕಿದೆ. ಇನ್ನೊಬ್ಬರ ಭಯವನ್ನು ನಾನು ಹಗುರವಾಗಿ ನೋಡಬಾರದಿತ್ತು. "ಹಾಗಾದ್ರೆ ನನ್ನ ಮಾತು ಬಿಡಿ, ನಿಮ್ಮ ಲಾಯರನ್ನೇ ಕೇಳೋಣ" ಎಂದೆ. ಅಂಕಲ್ ಗೊಣಗುತ್ತಲೇ ಫೋನ್ ಹಚ್ಚಿ ಸ್ಪೀಕರ್‌ನಲ್ಲಿಟ್ಟರು. ಅರ್ಜಿ ಹಾಕಿಸಿದ್ದ ಲಾಯರ್ ಲೀನಾ, ನಮ್ಮ ಮಂಗಳೂರಿನ ಹುಡುಗಿ.

"ಅಂಕಲ್, ನಿಮ್ಮ ಅರ್ಜಿಯಲ್ಲಿ ಕೇಳೋದು ನಿಮ್ಮನ್ನ ಅರೆಸ್ಟ್ ಮಾಡಿದ್ದಾರಾ, ನಿಮ್ಮ ಮೇಲೆ ಕೇಸ್ ಇದೆಯಾ ಅಂತ. ನೋಡಿದ್ದನ್ನ ನೋಡಿದ ಹಾಗೆ ಪೊಲೀಸರಿಗೆ ಹೇಳೋದು ತಪ್ಪಲ್ಲ. ಆಂಟಿ ಯಾಕೆ ಒರೆಸಿದ್ರು ಅನ್ನೋದನ್ನೂ ಮುಚ್ಚಿಡದೆ ಹೇಳ್ಲಿ. ಬೇಕಿದ್ರೆ ನಾನೂ ಫೋನ್‌ನಲ್ಲಿ ಇರ್ತೀನಿ."

ಅಂಕಲ್ ಇನ್ನೂ ಒಪ್ಪಲಿಲ್ಲ. "ಹೋಗಿ ಏನಂತ ಹೇಳೂದು? ಫೋಟೋನs ಇಲ್ಲ. ನಾವು ಹೇಳಿದ್ದನ್ನ ಯಾರು ನಂಬ್ತಾರ?"

ಆಂಟಿ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದರು. "ಫೋಟೋ ಐತಿ."

ನಾವಿಬ್ಬರೂ ತಿರುಗಿ ನೋಡಿದೆವು. ವಿಷಯ ಏನೆಂದರೆ, ಆಂಟಿ ದಿನಾ ನೀರು ಹಾಕುವ ಹೊತ್ತಿಗೆ ಮುಧೋಳದಲ್ಲಿರುವ ತಂಗಿಗೆ ವಿಡಿಯೋ ಕಾಲ್ ಮಾಡುತ್ತಾರೆ. ಆಗ ಅಲ್ಲಿ ಸಂಜೆ ನಾಲ್ಕು ಗಂಟೆ, ತಂಗಿಗೂ ಬಿಡುವು. ಅವತ್ತು ಬಾಗಿಲು ಕಂಡೊಡನೆ ಆಂಟಿ ಫೋನ್ ಆ ಕಡೆ ತಿರುಗಿಸಿ ತೋರಿಸಿದ್ದರು. ತಂಗಿ ಸುಮ್ಮನಿದ್ದಾಳೆಯೇ? ಸ್ಕ್ರೀನ್‌ಶಾಟ್ ಹೊಡೆದು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿ, ಅಮೆರಿಕಾದಾಗೂ ಹಿಂಗ ಮಾಡ್ತಾರ ನೋಡ್ರಿ ಎಂದು ಬರೆದಿದ್ದಳು. ಕೆಳಗೆ ಮೂವತ್ತೆರಡು ಜನ ಅಭಿಪ್ರಾಯ ಕೊಟ್ಟಿದ್ದರು. ಬಾಗಿಲು, ಅಕ್ಷರ, ಮೂಲೆಯಲ್ಲಿ ಆಂಟಿಯ ಗಾಬರಿ ಮುಖ, ತಾರೀಖು, ಸಮಯ ಎಲ್ಲಾ ಸ್ಪಷ್ಟವಾಗಿತ್ತು. ನಮ್ಮ ಬೀದಿಯಲ್ಲಿ ಯಾರೂ ನೋಡದ ಸಾಕ್ಷಿಯನ್ನು ಮುಧೋಳ ತಾಲ್ಲೂಕೆಲ್ಲಾ ನೋಡಿ ಮುಗಿಸಿತ್ತು.

ಆಂಟಿ ಎದ್ದು ಚಪ್ಪಲಿ ಮೆಟ್ಟಿದರು. "ನೀವು ಬರ್ರಿ ಇಲ್ಲಾ ಬಿಡ್ರಿ. ನಾ ಆಕಿ ಮನಿಗೆ ಹೊಂಟೆ. ಮುಚ್ಚಿಹಾಕಿದೆ ಅಂತ ತಿಳ್ಕೊಂಡು ಆಕಿ ಊರು ಬಿಟ್ಟು ಹೋದ್ರ, ಆ ಸಿಟಿಜನ್‌ಶಿಪ್ ತಗೊಂಡು ನಾ ಇಲ್ಲಿ ಯಾರ ಜೋಡಿ ಮಾತಾಡ್ಲಿ?"

ಅಂಕಲ್ ಕನ್ನಡಕ ಹಾಕಿಕೊಂಡು ನಮ್ಮ ಹಿಂದೆಯೇ ಬಂದರು.

ಎಸ್ತರಮ್ಮ ಬಾಗಿಲು ತೆಗೆದರು. ಆಂಟಿ ತಮಗೆ ಬರುವ ಇಂಗ್ಲಿಷಿನಲ್ಲಿ, ಬರದ ಕಡೆ ಕೈಸನ್ನೆಯಲ್ಲಿ, ಎಲ್ಲವನ್ನೂ ಹೇಳಿದರು. ನಾನು ತರ್ಜುಮೆ ಮಾಡಲು ಬಾಯಿ ತೆರೆದರೆ ಎಸ್ತರಮ್ಮ ಕೈ ಅಡ್ಡ ಹಿಡಿದರು. ಫೋಟೋವನ್ನು ಬಹಳ ಹೊತ್ತು ನೋಡಿದರು.

"ನನಗೆ ನೋವಾಗಬಾರದು ಅಂತ ಒರೆಸಿದೆಯಾ?"

"ಯಸ್."

"ನನಗೆ ನೋವಾಗಲಿ ಪ್ರಭಾ. ಆ ಹೊತ್ತಿನಲ್ಲಿ ನೀನು ಜೊತೆಗೆ ನಿಂತಿದ್ದರೆ ಸಾಕಿತ್ತು."

ಆಂಟಿಗೆ ಇಷ್ಟು ಇಂಗ್ಲಿಷ್ ಪೂರಾ ಅರ್ಥವಾಯಿತು. ಇಬ್ಬರೂ ಹೊಸ್ತಿಲಲ್ಲೇ ಅಪ್ಪಿಕೊಂಡು ಅತ್ತರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಅದೇ ಮಧ್ಯಾಹ್ನ ನಾಲ್ಕೂ ಜನ ಸ್ಟೇಷನ್‌ಗೆ ಹೋದೆವು. ಆಂಟಿ ಹೇಳಿಕೆ ಕೊಟ್ಟರು, ತಾನೇ ಒರೆಸಿದ್ದು ಅಂತಲೂ ಹೇಳಿದರು. ಆಫೀಸರ್ ಬೈಯಲಿಲ್ಲ, ಫೋಟೋ ಪಡೆದು ಪಾರ್ಕಿನ ಬೆಂಚಿನ ಚಿತ್ರದ ಪಕ್ಕ ಇಟ್ಟಳು. ಅದೇ ಮಾತು, ಅದೇ ಕೈಬರಹ. ಕೇಸು ದ್ವೇಷದ ಅಪರಾಧ ಎಂದು ದಾಖಲಾಯಿತು. ಬರೆದವರು ಇನ್ನೂ ಸಿಕ್ಕಿಲ್ಲ. ಆದರೆ ಈಗ ಹುಡುಕುತ್ತಿದ್ದಾರೆ, ಪಾರ್ಕಿಗೆ ಕ್ಯಾಮೆರಾ ಬಂದಿದೆ.

ಬಾಗಿಲಿಗೆ ಬಣ್ಣ ಹಚ್ಚುವ ಮೊದಲು ಎಸ್ತರಮ್ಮನನ್ನು ಕೇಳಿದೆವು. ಭಾನುವಾರ ಹಚ್ಚೋಣ, ಆದರೆ ಬೀದಿಯವರನ್ನೆಲ್ಲ ಕರೆದು ಫೋಟೋ ತೋರಿಸಿ ಆಮೇಲೆ ಹಚ್ಚೋಣ ಎಂದರು ಅವರು. ನಾನು ಮನೆಮನೆಗೆ ಹೋಗಿ ಹೇಳಿ ಬಂದೆ. ಹತ್ತು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಐವತ್ತಕ್ಕೂ ಮೇಲೆ ಬಂದರು. ಎಸ್ತರಮ್ಮ ಹೋಗುವ ಯಹೂದಿ ಪ್ರಾರ್ಥನಾ ಮಂದಿರದವರು, ಮೂಲೆಮನೆಯ ಮುಸ್ಲಿಂ ಕುಟುಂಬ, ಎದುರುಮನೆಯ ಕ್ರೈಸ್ತ ದಂಪತಿ, ನಮ್ಮ ಕನ್ನಡದವರು ಎಂಟು ಮನೆ. ಚಿತ್ರ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಬರೆದದ್ದು ಏನೆಂದು ಒಂದು ಮಗು ಕೇಳಿತು. ಅದರ ತಾಯಿ ತಪ್ಪಿಸಿಕೊಳ್ಳದೆ, ಕೂತು ವಿವರಿಸಿದಳು.

ಆಮೇಲೆ ಅಂಕಲ್‌ನ ರಾಜ್ಯಭಾರ. ಮೂವತ್ತು ವರ್ಷ ಬಣ್ಣದಲ್ಲೇ ಕಳೆದವರು, ಯಾರ ಕೈಗೂ ಬ್ರಷ್ ನಂಬಿ ಕೊಡುವವರಲ್ಲ. "ಮೊದಲು ಸ್ಯಾಂಡ್‌ಪೇಪರ್ ಹಿಡೀರಿ. ಪ್ರೈಮರ್ ಒಣಗೂ ತನಕ ಯಾರೂ ಮುಟ್ಟಬ್ಯಾಡ್ರಿ" ಎಂದು ಕನ್ನಡದಲ್ಲೇ ಎಲ್ಲರನ್ನೂ ಗದರಿಸಿದರು. ಎಲ್ಲರೂ ಪಾಪ ಹಾಗೇ ಮಾಡಿದರು. ಆಂಟಿ ಎರಡು ಟ್ರೇ ಮಂಡಕ್ಕಿ ಒಗ್ಗರಣೆ ಮಾಡಿ ತಂದಿದ್ದರು, ಬೆಳ್ಳುಳ್ಳಿ ಜೋರಾಗಿತ್ತು, ಒಂದು ಕಾಳೂ ಉಳಿಯಲಿಲ್ಲ. ಎಸ್ತರಮ್ಮ ಕುರ್ಚಿ ಹಾಕಿಕೊಂಡು ಕೂತು ಅಲ್ಲಿ ಸಂದು ಬಿಟ್ಟಿದ್ದೀರಿ, ಇಲ್ಲಿ ಸಂದು ಬಿಟ್ಟಿದ್ದೀರಿ ಎಂದು ಮೇಷ್ಟರಂತೆ ತಪ್ಪು ಹಿಡಿಯುತ್ತಿದ್ದರು.

ಮರುದಿನ ಅಂಕಲ್ ನನಗೆ ಫೋನ್ ಮಾಡಿದರು. "ಶೈಲಾ, ಇಷ್ಟ್ ವರ್ಷ ತಲಿ ತಗ್ಗಿಸ್ಕೊಂಡು ನಡದ್ರ ಸಾಕು ಅಂತ ತಿಳ್ಕೊಂಡಿದ್ದೆ. ತಲಿ ತಗ್ಗಿಸಿದ್ರ ಬಾಜೂಮನಿಯವರು ಕಾಣೂದs ಇಲ್ಲ ನೋಡು." ಮುಂದಿನ ತಿಂಗಳು ಇಂಟರ್‌ವ್ಯೂ ಆಯಿತು. ಇಬ್ಬರೂ ಪಾಸಾದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈಗ ನಿಮಗೇ ಹೇಳುತ್ತಿದ್ದೇನೆ. ಯಹೂದಿಗಳ ಮನೆಯಿರಲಿ, ಮಸೀದಿಯಿರಲಿ, ನಮ್ಮದೇ ಗುಡಿಯಿರಲಿ, ಗೋಡೆಯ ಮೇಲೆ ಇಂಥ ಹೊಲಸು ಕಂಡರೆ ಬಟ್ಟೆ ತರಲು ಓಡಬೇಡಿ. ಮೊದಲು ಫೋಟೋ ತೆಗೆಯಿರಿ, ಹತ್ತಿರದಿಂದ ಒಂದು, ಇಡೀ ಗೋಡೆ ಕಾಣುವಂತೆ ಒಂದು. ಆ ಮನೆಯವರಿಗೆ ನೀವೇ ತಿಳಿಸಿ, ಪೊಲೀಸರಿಗೆ ಫೋನ್ ಮಾಡಿ. ಯಾರಾದರೂ ಅಪಾಯದಲ್ಲಿದ್ದರೆ ತುರ್ತು ಸಂಖ್ಯೆ 911. ಪೊಲೀಸರು ನೋಡಿ ಹೋದ ಮೇಲೆ, ಮನೆಯವರ ಒಪ್ಪಿಗೆ ಪಡೆದು ನಾಲ್ಕು ಜನ ಸೇರಿ ಒರೆಸಿ. ವೀಸಾ, ಗ್ರೀನ್ ಕಾರ್ಡ್ ಅಂತ ಭಯವಿದ್ದರೆ ಭಯವನ್ನು ಒಳಗೇ ಇಟ್ಟುಕೊಂಡು ಕೂರಬೇಡಿ, ಲಾಯರನ್ನು ಕೇಳಿ. ಆಮೇಲೆ ಮಕ್ಕಳ ಹತ್ತಿರ ಮಾತಾಡಿ, ಅದು ಯಾಕೆ ತಪ್ಪು ಅಂತ ನಿಮ್ಮ ಬಾಯಿಂದಲೇ ಹೇಳಿ.

ಎಸ್ತರಮ್ಮ ಏಜೆಂಟ್‌ಗೆ ಮತ್ತೆ ಫೋನ್ ಮಾಡಿ ಬೇಡ ಅಂದರು. ಅರಿಜೋನಾಗೆ ಹೋಗಿಲ್ಲ, ಪಕ್ಕದ ಮನೆಯಲ್ಲೇ ಇದ್ದಾರೆ. ನಿಮ್ಮ ಪಕ್ಕದ ಮನೆಯಲ್ಲಿ ಯಾರಿದ್ದಾರೆ? ಹೆಸರು ಗೊತ್ತಿಲ್ಲದಿದ್ದರೆ ಇವತ್ತೇ ಹೋಗಿ ಬಾಗಿಲು ತಟ್ಟಿ ಕೇಳಿ.