ಮುಳ್ಳು ನಿಂತ ಅರ್ಧ ತಾಸು

ಸುಂಕಪ್ಪ ಕುಡಿಯುತ್ತಿದ್ದ ಹತ್ತೊಂಬತ್ತು ವರ್ಷ ಅವನಿಗೊಂದು ನೆಗಡಿಯೂ ಬಂದಿರಲಿಲ್ಲ. ಬಂದಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಬಿಟ್ಟದ್ದೇ ತಡ, ರಾಯಚೂರಿನ ಕಾಯಿಲೆಗಳೆಲ್ಲ ಗಂಟುಮೂಟೆ ಸಮೇತ ಬಂದು ಅವನ ಮೈಯಲ್ಲಿ ಬಿಡಾರ ಹೂಡಿದವು. ಬೆಳಿಗ್ಗೆ ಎದೆ, ಮಧ್ಯಾಹ್ನ ಲಿವರ್, ಸಂಜೆ ಕಿಡ್ನಿ. ಭಾನುವಾರವೂ ರಜೆ ಇರಲಿಲ್ಲ.

ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಬೇಯಿಸುವ ಬಾಯ್ಲರ್ ನೋಡಿಕೊಳ್ಳುವುದು ಅವನ ಕೆಲಸ. ಹೊಟ್ಟು ಹಾಕಿ ಬೆಂಕಿ ಎಬ್ಬಿಸಬೇಕು, ನೀರಿನ ಮಟ್ಟ ನೋಡಬೇಕು, ಒತ್ತಡ ತೋರಿಸುವ ಗೇಜಿನ ಮುಳ್ಳು ಹತ್ತರ ಗೆರೆ ದಾಟದಂತೆ ಕಾಯಬೇಕು. ಬಾಯ್ಲರ್ ಗುಂಯ್ ಅಂದರೆ ಏನರ್ಥ, ಟಕ್ ಅಂದರೆ ಏನರ್ಥ, ಎಲ್ಲ ಅವನಿಗೆ ಬಾಯಿಪಾಠ. ತನ್ನ ಎದೆ ಡವ್ ಅಂದರೆ ಏನರ್ಥ ಎನ್ನುವುದೊಂದೇ ತಿಳಿಯದು.

ಅವನು ಕುಡಿತ ಬಿಟ್ಟ ಕತೆಯೂ ಆ ಬಾಯ್ಲರಿನಿಂದಲೇ ಶುರುವಾದದ್ದು. ವರ್ಷಕ್ಕೊಮ್ಮೆ ಅದಕ್ಕೆ ಸರ್ಕಾರಿ ಪರೀಕ್ಷೆ. ಬೆಂಕಿ ಆರಿಸಿ, ತಣ್ಣಗಾದ ಮೇಲೆ ಕಂಠಮಟ್ಟ ನೀರು ತುಂಬಿ, ಕೈಪಂಪು ಹೊಡೆದು ಒತ್ತಡವನ್ನು ಹದಿನೈದಕ್ಕೆ ಏರಿಸಬೇಕು. ಆಮೇಲೆ ಅರ್ಧ ತಾಸು ಮುಳ್ಳು ಅಲ್ಲೇ ನಿಲ್ಲಬೇಕು. ಪಂಪು ಹೊಡೆದವನು ವಾಲ್ವ್ ಬಿಟ್ಟು ಕದಲಬಾರದು, ತುಸು ಜಿನುಗಿದರೂ ಬಿಗಿ ಮಾಡಬೇಕು. ಹೋದ ವರ್ಷ ಹತ್ತು ನಿಮಿಷಕ್ಕೇ ಸುಂಕಪ್ಪನ ಗಂಟಲು ಒಣಗಿತು. ‘ಒಂದೇ ಒಂದು ಕ್ವಾರ್ಟರ್’ ಎಂದುಕೊಂಡು ಎದುರಿನ ವೈನ್‌ಶಾಪಿಗೆ ಹೋದ. ತಿರುಗಿ ಬರುವಷ್ಟರಲ್ಲಿ ವಾಲ್ವ್ ಜಿನುಗಿ, ಮುಳ್ಳು ಇಳಿದು, ಇನ್‌ಸ್ಪೆಕ್ಟರ್ ಸಾಹೇಬರು ಫೇಲ್ ಎಂದು ಬರೆದು ಜೀಪು ಹತ್ತಿದ್ದರು. ಗಿರಣಿ ಹದಿನೈದು ದಿನ ಮುಚ್ಚಿತು, ನಲವತ್ತು ಹಮಾಲರ ಒಲೆ ತಣ್ಣಗಾಯಿತು. ಮಾಲೀಕ ಮರಿಸ್ವಾಮಿ ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅದೇ ತಿಂಗಳು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಲ್ಲಿ ಅಂಬರೀಶ ಸತ್ತ. ಸುಂಕಪ್ಪನ ಊರಿನವನು, ಒಂದೇ ಬಾಟಲಿಯಲ್ಲಿ ಕುಡಿದ ಗೆಳೆಯ. ಕೊನೆಯ ದಿನಗಳಲ್ಲಿ ಅವನ ಕಣ್ಣು ಅರಿಶಿನ ಹಚ್ಚಿದ ಹಾಗೆ ಹಳದಿಯಾಗಿದ್ದವು. ಮಣ್ಣು ಕೊಟ್ಟು ಬಂದ ಸುಂಕಪ್ಪ ಮನೆಗೂ ಹೋಗದೆ ದವಾಖಾನೆಗೆ ನಡೆದು, “ನನ್ನ ಕುಡಿತ ಬಿಡಿಸ್ರಿ” ಎಂದ. ಹತ್ತು ದಿನ ನಡುಗಿದ, ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಕಂಡು ಚೀರಿದ, ಎದ್ದು ಬಂದ. ಅಂದಿನಿಂದ ಒಂದು ಹನಿ ಮುಟ್ಟಿಲ್ಲ. ಇದು ಸಣ್ಣ ಗಂಡಸುತನವಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಅವನನ್ನು ನೋಡಿ ನಗುವುದಿದೆ.

ಬಿಟ್ಟ ಮೇಲೆ ಅಂಬರೀಶನ ಕಣ್ಣು ಅವನ ಬೆನ್ನು ಬಿಡಲಿಲ್ಲ. ತಾಸಿಗೊಮ್ಮೆ ನಾಡಿ ಹಿಡಿಯುವುದು, ಉಗುರು ನೋಡಿಕೊಳ್ಳುವುದು, ಹೊಟ್ಟೆ ಒತ್ತಿ ಒತ್ತಿ ನೋಯಿಸಿಕೊಂಡು ಆಮೇಲೆ ನೋಯುತ್ತದೆಂದು ಹೆದರುವುದು. ವಾರಕ್ಕೆ ಮೂರು ಸಲ ದವಾಖಾನೆ. ಪ್ರತಿಸಲವೂ ರಿಪೋರ್ಟು ಚೆನ್ನಾಗಿಯೇ ಬರುತ್ತಿತ್ತು, ಆ ಸಮಾಧಾನ ಮನೆ ಮುಟ್ಟುವವರೆಗೂ ಬಾಳುತ್ತಿರಲಿಲ್ಲ. ಕರೆದೊಯ್ಯುವವನು ಹಳೆಯ ಸ್ನೇಹಿತ, ಆಟೋದ ಜಿಲಾನಿ ಪಾಷಾ.

“ಲೇ ಸುಂಕಪ್ಪ, ಈ ಗಾಡಿಗೆ ನಾ ಬ್ಯಾಡೋ ಭಾಯಿ. ನೀ ಹತ್ತಿ ಕುಂತರ ಸಾಕು, ತಾನ ದವಾಖಾನಿಗೆ ಹೋಗ್ತದ” ಎನ್ನುತ್ತಿದ್ದ ಜಿಲಾನಿ.

ಒಂದು ದಿನವಂತೂ ಸುಂಕಪ್ಪ ಬಾಯ್ಲರ್ ಕೋಣೆಯ ಕನ್ನಡಿಯಲ್ಲಿ ಕಣ್ಣಿನ ರೆಪ್ಪೆ ಎಳೆದು ನೋಡಿಕೊಂಡು, “ಮುಗೀತೋ ಜಿಲಾನಿ, ಹಳದಿ ಆಗ್ಯಾವ!” ಎಂದು ಹೊರಗೆ ಓಡಿಬಂದ. ಜಿಲಾನಿ ಅವನ ಕಣ್ಣು ನೋಡಿದ, ತೋಳು ಹಿಡಿದು ಅದೇ ಕೋಣೆಗೆ ಎಳೆದೊಯ್ದ. ಅಲ್ಲಿ ಉರಿಯುತ್ತಿದ್ದದ್ದು ಹೊಗೆ ಹಿಡಿದ ಹಳದಿ ಬಲ್ಬು. ಅದರ ಕೆಳಗೆ ನಿಂತು ತನ್ನ ಬಿಳಿ ಗಡ್ಡ ತೋರಿಸಿದ.

“ನೋಡು, ನನ್ನ ಗಡ್ಡಕ್ಕೂ ಕಾಮಾಲಿ ಆಗ್ಯದ. ಇಬ್ರೂ ಕೂಡಿ ಅಡ್ಮಿಟ್ ಆಗೂಣೇನು?”

ಹಮಾಲರು ಚೀಲ ಕೆಳಗಿಟ್ಟು ನಕ್ಕರು. ಸುಂಕಪ್ಪನೂ ನಕ್ಕ. ಆದರೆ ಅವನ ಕೈ ಬೆನ್ನ ಹಿಂದೆ ನಾಡಿ ಹುಡುಕುತ್ತಲೇ ಇತ್ತು.

ನಗೆಯಲ್ಲದ ಸಂಗತಿ ಬೇರೆ ಇತ್ತು. ಮಗಳು ಕಲ್ಯಾಣಿಯನ್ನು ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹೊಳೆದಂಡೆಯ ಊರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕಾದದ್ದು. “ನಮ್ಮವ್ವ ನನ್ನ ನೋಡ್ಕೊಬೇಕೋ, ದವಾಖಾನಿ ತಿರುಗೋ ನಮ್ಮಪ್ಪನ್ನ ನೋಡ್ಕೊಬೇಕೋ” ಎಂದು ಅವಳು ಗಂಡನ ಮನೆಯಲ್ಲೇ ಹಡೆದಳು. ಹೆಣ್ಣುಕೂಸು. ಹೆಂಡತಿ ಯಮನಮ್ಮ ಹೋಗಿ ಬಾಣಂತನ ಮಾಡಿ ಬಂದಳು, ಸುಂಕಪ್ಪ ಹೋಗಲಿಲ್ಲ. ತೊಟ್ಟಿಲು ಒಯ್ಯಬೇಕಾದವನು ತಾಯಿಯ ತಂದೆ. ಸಾಗುವಾನಿಯ ತೊಟ್ಟಿಲೇನೋ ಮಾಡಿಸಿದ್ದ. ಅದು ಐದು ತಿಂಗಳಿಂದ ಮನೆಯ ಮೂಲೆಯಲ್ಲಿ ಕೂತಿತ್ತು. ಸಿಟ್ಟು ಬಂದ ಯಮನಮ್ಮ ಅದರೊಳಗೆ ಉಳ್ಳಾಗಡ್ಡಿ ತುಂಬಿಟ್ಟಿದ್ದಳು.

“ಗೂಗಲ್ದಾಗ ದವಾಖಾನಿ ಎಲ್ಲದ ಹೇಳು. ಹೊಳಿ ದಂಡ್ಯಾಗ ಎದಿ ಹಿಡಕೊಂಡ್ರ ಯಾರು ನೋಡ್ತಾರ?” ಎಂಬುದು ಅವನ ವಾದ.

“ಅಲ್ಲಿ ಗುಡ್ಯಾಗಿನ ಅಲ್ಲಮಪ್ರಭು ನೋಡ್ತಾನ.”

“ಅಲ್ಲಮಪ್ರಭು ಬಿಪಿ ನೋಡ್ತಾನೇನು?”

ಯಮನಮ್ಮ ಇನ್ನೂ ನಾಲ್ಕು ಉಳ್ಳಾಗಡ್ಡಿ ತೊಟ್ಟಿಲಿಗೆ ಎಸೆದಳು.

ಕಲ್ಯಾಣಿ ಫೋನಿನಲ್ಲಿ ಅಳಲಿಲ್ಲ. ಹಟದಲ್ಲಿ ಅವಳು ಅಪ್ಪನ ಮಗಳೇ.

“ಯಪ್ಪಾ, ನನ್ನ ಲಗ್ನದಾಗ ಕುಡಿದು ಬಿದ್ದಿದ್ದಿ. ನಾಕು ಮಂದಿ ನಿನ್ನ ಹೊತ್ಕೊಂಡು ಹೋಗಿದ್ದನ್ನ ಈ ಊರೆಲ್ಲ ನೋಡ್ಯದ. ನಿನ್ನ ಕಾಲ ಮ್ಯಾಲ ನೀ ನಡಕೊಂಡು ಬರೋದನ್ನೂ ನೋಡ್ಲಿ. ಹೆಸರು ಯಾವುದಂತ ನೀನ ಬಂದು ಹೇಳ್ಬೇಕು. ಅಲ್ಲೀತನಾ ಕೂಸಿಗೆ ಹೆಸರಿಲ್ಲ.”

“ಬರ್ತೀನಿ ಬೇ ಯವ್ವಾ.”

“ಯಾವಾಗ?”

ಅವನು ಫೋನು ಇಟ್ಟ. ಎದ್ದು ಗೋಡೆಯ ಮೇಲಿದ್ದ ಅಂಬೇಡ್ಕರ್ ಫೋಟೋದ ಧೂಳು ಒರೆಸಿದ. ಹೆದರಿಕೆಗೆ ಅವನು ಬಲ್ಲ ಔಷಧಿ ಒಂದೇ, ಅದು ಗಿರಣಿಯ ಎದುರಿಗೇ ಸಿಗುತ್ತಿತ್ತು. ಒಂದು ಕ್ವಾರ್ಟರ್ ಹಾಕಿದರೆ ಈ ಡವಡವ ನಿಲ್ಲುತ್ತದೆ, ಧೈರ್ಯ ಬರುತ್ತದೆ, ಗೂಗಲ್‌ಗೂ ಹೋಗಬಹುದು. ಆ ಯೋಚನೆ ಬಂದದ್ದಕ್ಕೇ ಅವನಿಗೆ ಎಲ್ಲ ಕಾಯಿಲೆಗಿಂತ ಹೆಚ್ಚು ಭಯವಾಯಿತು. ಮರುದಿನ ಡಾಕ್ಟರ್ ಸೂಫಿಯಾ ಅವರ ಮುಂದೆ ಕೂತು ಅದನ್ನು ಬಾಯಿಬಿಟ್ಟು ಹೇಳಿದ.

ಅವನ ಕುಡಿತ ಬಿಡಿಸಿದ್ದು ಅವರೇ. ರಿಪೋರ್ಟುಗಳ ಕಟ್ಟನ್ನು ಬದಿಗೆ ಸರಿಸಿದರು.

“ಹತ್ತೊಂಬತ್ತು ವರ್ಷ ನಿಮ್ಮ ಮೈ ಒದರಿದ್ದು ನಿಮಗ ಕೇಳಿಸಿಲ್ಲ ಸುಂಕಪ್ಪ. ಈಗ ಎಚ್ಚರ ಆಗೀರಿ. ಹೊಟ್ಟಿ ಗುರ್ ಅಂದ್ರೂ ಗುಡುಗಿದಂಗ ಕೇಳ್ತದ. ನಿಮ್ಮ ಲಿವರ್ ಸುಧಾರಿಸ್ಯದ, ಎದಿ ಚಲೋ ಅದ. ಆರು ತಿಂಗಳಿಗೊಮ್ಮೆ ನಾ ನೋಡ್ತೀನಿ, ನಡುವ ನೀವು ನೋಡಬ್ಯಾಡ್ರಿ.”

“ಹಂಗಂದ್ರ ಎದಿ ಹೊಡಕೊಂಡಾಗ ಏನು ಮಾಡ್ಲಿರೀ?”

“ಎದಿ ಹಿಂಡಿದಂಗ ಆಗಿ ಎಡಗೈಗೆ ನೋವು ಇಳಿದ್ರ, ಉಸಿರು ಸಿಗದಂಗಾದ್ರ ಆ ಗಳಿಗ್ಯಾಗ ಬರ್ರಿ, ಒಂದು ನಿಮಿಷ ತಡ ಮಾಡಬ್ಯಾಡ್ರಿ. ಬರೇ ಡವಡವ ಅಂದ್ರ ಅರ್ಧ ತಾಸು ಸುಮ್ಮನ ಇರ್ರಿ. ನಾಡಿ ಮುಟ್ಟಂಗಿಲ್ಲ, ಕನ್ನಡಿ ನೋಡಂಗಿಲ್ಲ, ಯಾರನ್ನೂ ಕೇಳಂಗಿಲ್ಲ. ಏರಿದ ಹೆದರಿಕಿ ಇಳೀಲೇಬೇಕು. ನೀವು ಓಡಿ ಬರ್ತೀರಲ್ಲ, ಅದಕ್ಕ ಅದು ಇಳಿಯೋದನ್ನ ಒಮ್ಮೀನೂ ನೋಡಿಲ್ಲ.”

ಹೇಳುವುದು ಸುಲಭ. ಮೊದಲ ಸಲ ಏಳು ನಿಮಿಷಕ್ಕೆ ಕೈ ನಾಡಿಗೆ ಹೋಯಿತು. ಎರಡನೆಯ ಸಲ ಹನ್ನೆರಡು. ಅದಕ್ಕಿಂತ ಮುಂದೆ ಅವನು ದಾಟಲೇ ಇಲ್ಲ. ಅಷ್ಟರಲ್ಲಿ ಬಾಯ್ಲರ್ ಪರೀಕ್ಷೆಯ ದಿನ ಬಂತು.

ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಅದೇ ಸಾಹೇಬರು. ಸುಂಕಪ್ಪನ ಮುಖ ನೋಡಿ ಹುಬ್ಬು ಏರಿಸಿ, “ಈತನೇ ಏನ್ರಿ?” ಎಂದು ಮಾಲೀಕರನ್ನು ಕೇಳಿದರು.

“ಈತನೇ” ಎಂದ ಮರಿಸ್ವಾಮಿ. ಅಷ್ಟೇ ಮಾತು. ಹಮಾಲರೆಲ್ಲ ಕೆಲಸವಿಲ್ಲದೆ ಬಾಗಿಲ ಹೊರಗೆ ಸಾಲಾಗಿ ಕೂತಿದ್ದರು. ಹೋದ ವರ್ಷದ ಹದಿನೈದು ದಿನವನ್ನು ಅವರು ಮರೆತಿರಲಿಲ್ಲ.

ಸುಂಕಪ್ಪ ಪಂಪಿನ ಹಿಡಿ ಎಳೆಯತೊಡಗಿದ. ಐದು, ಎಂಟು, ಹತ್ತು. ಹತ್ತರ ನಂತರ ಹಿಡಿ ಭಾರವಾಗುತ್ತ ಹೋಯಿತು. ಅಂಗಿ ಬೆನ್ನಿಗೆ ಅಂಟಿತು. ಹದಿಮೂರು, ಹದಿನಾಲ್ಕು. ಮುಳ್ಳು ಹದಿನೈದಕ್ಕೆ ಬಂದು ನಿಂತಾಗ ವಾಲ್ವ್ ಬಿಗಿದು ನೆಟ್ಟಗೆ ನಿಂತ. ಸಾಹೇಬರು ಗಡಿಯಾರ ನೋಡಿದರು.

ಆಗ ಎದೆ ಶುರುಮಾಡಿತು. ಡವಡವ ಅಂದರೆ ಅಂತಿಂಥ ಡವಡವವಲ್ಲ, ಕಿವಿಯೊಳಗೆ ಯಾರೋ ಹಲಗೆ ಬಡಿದಂತೆ. ಬಂತು, ಇದೇ ಅದು, ಎಂದುಕೊಂಡ. ಅಂಬರೀಶನ ಕಣ್ಣು ಬಾಯ್ಲರಿನ ಕಬ್ಬಿಣದ ಮೇಲೆ ತೆರೆದುಕೊಂಡವು. ಬಲಗೈ ಸೆಳೆಯುತ್ತಿತ್ತು. ಕೈ! ಎಂದು ಒಳಗೇ ಚೀರಿದ. ಮರುಕ್ಷಣ ತಲೆ ಕೆಲಸ ಮಾಡಿತು: ಡಾಕ್ಟರಮ್ಮ ಹೇಳಿದ್ದು ಎಡಗೈ. ಪಂಪು ಹೊಡೆದದ್ದು ಬಲಗೈ. ಎದೆ ಹಿಂಡುತ್ತಿಲ್ಲ, ಉಸಿರು ಆಡುತ್ತಿದೆ. ಬರೀ ಡವಡವ. ಹಾಗಾದರೆ ಅರ್ಧ ತಾಸು.

ಎಡಗೈ ತಾನಾಗಿಯೇ ಬಲಗೈಯ ನಾಡಿಯ ಕಡೆ ಸರಿಯಿತು. ಎರಡೂ ಕೈಗಳನ್ನು ವಾಲ್ವಿನ ಚಕ್ರದ ಮೇಲೆ ಊರಿದ.

ಹತ್ತು ನಿಮಿಷ. ತೆರೆದ ಬಾಗಿಲಿನಿಂದ ಎದುರಿನ ವೈನ್‌ಶಾಪು ಕಾಣುತ್ತಿತ್ತು. ಗೇಟಿನಲ್ಲಿ ಜಿಲಾನಿಯ ಆಟೋ ಕಾಣುತ್ತಿತ್ತು. ಎರಡೂ ಇಪ್ಪತ್ತು ಹೆಜ್ಜೆಯ ದೂರ. ಅವನ ಬಣ್ಣಗೆಟ್ಟ ಮುಖ ಮರಿಸ್ವಾಮಿಯ ಕಣ್ಣಿಗೆ ಬಿತ್ತು.

“ಸುಂಕಪ್ಪಾ, ಮೈಯಾಗ ಆರಾಮಿಲ್ಲೇನು? ದವಾಖಾನಿಗೆ ಹೋಗೂದಿದ್ರ ಹೋಗು. ಜೀವಕ್ಕಿಂತ ಟೆಸ್ಟ್ ದೊಡ್ಡದಲ್ಲ.”

ಇಷ್ಟು ಮೆತ್ತಗಿನ ಮಾತನ್ನು ಈ ಮನುಷ್ಯ ಒಂದು ವರ್ಷದಲ್ಲಿ ಆಡಿರಲಿಲ್ಲ. ‘ನನಗ ಏನೂ ಆಗಂಗಿಲ್ಲ ಹೌದಿಲ್ರಿ?’ ಎಂದು ಕೇಳಲು ಬಾಯಿ ತೆರೆದ ಸುಂಕಪ್ಪ, ಕೇಳಬಾರದು ಎಂಬುದು ನೆನಪಾಗಿ ನುಂಗಿಕೊಂಡ.

“ಇಲ್ರಿ ಸಾವ್ಕಾರ್ರೆ. ಮುಳ್ಳು ನಿಂತದ. ನಾನೂ ನಿಂತೀನಿ.”

ಹನ್ನೆರಡು ದಾಟಿತು. ಹದಿನೈದಕ್ಕೆ ವಾಲ್ವಿನ ತುದಿಯಲ್ಲಿ ಒಂದು ಹನಿ ಮೂಡಿತು. ಹಮಾಲರಲ್ಲಿ ಯಾರೋ “ಯಪ್ಪಾ!” ಎಂದರು. ಸುಂಕಪ್ಪ ಸ್ಪ್ಯಾನರ್ ಹಿಡಿದು ಕಾಲು ಸುತ್ತು ಬಿಗಿದ. ಹನಿ ಅಲ್ಲೇ ನಿಂತಿತು, ಇನ್ನೊಂದು ಬರಲಿಲ್ಲ. ಮುಳ್ಳು ಕೂದಲೆಳೆಯಷ್ಟೂ ಅಲುಗಲಿಲ್ಲ. ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತ ನಿಂತ.

ಎಷ್ಟು ಹೊತ್ತಿನ ಮೇಲೋ ಅವನಿಗೆ ಹೊರಗೆ ಗುಬ್ಬಿಗಳ ಸದ್ದು ಕೇಳಿಸಿತು. ಕಿವಿಯೊಳಗಿನ ಹಲಗೆ ನಿಂತುಹೋಗಿತ್ತು. ಯಾವಾಗ ನಿಂತಿತೋ ಅವನಿಗೇ ಗೊತ್ತಿಲ್ಲ. ಗುಳಿಗೆಯಿಲ್ಲ, ಸೂಜಿಯಿಲ್ಲ, ಕ್ವಾರ್ಟರಿಲ್ಲ. ತಾನಾಗಿಯೇ ಏರಿದ್ದು ತಾನಾಗಿಯೇ ಇಳಿದಿತ್ತು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಸುಂಕಪ್ಪ ಅದು ಇಳಿದದ್ದನ್ನು ನೋಡಿದ.

“ಅರ್ಧ ತಾಸು ಆಯ್ತು. ಪಾಸ್!” ಎಂದರು ಸಾಹೇಬರು. ಸಣ್ಣ ಸುತ್ತಿಗೆಯಿಂದ ಬಾಯ್ಲರಿನ ಹೊಟ್ಟೆಗೆ ಎರಡು ಸಲ ಬಡಿದು, “ಇನ್ನೊಂದು ವರ್ಷ ಇದರ ಚಿಂತೆ ಬಿಡಿ” ಎಂದರು.

ಹಮಾಲರ ಕೇಕೆಗೆ ತಗಡಿನ ಮೇಲಿದ್ದ ಪಾರಿವಾಳಗಳು ಹಾರಿದವು. ಮರಿಸ್ವಾಮಿ ಬಂದು ಸುಂಕಪ್ಪನ ಎರಡೂ ಕೈ ಹಿಡಿದುಕೊಂಡ. ಸುಂಕಪ್ಪ ಅತ್ತ, ನಾಚದೆ ಅತ್ತ.

ಗೇಟಿನಲ್ಲಿ ಜಿಲಾನಿ ಆಗಲೇ ಗಾಡಿ ಚಾಲೂ ಮಾಡಿದ್ದ. “ಮುಖ ನೋಡಿದ್ರ ಗೊತ್ತಾಗ್ತದ. ಯಾವ ದವಾಖಾನಿ?”

“ಗೂಗಲ್.”

“ಗೂಗಲ್ದಾಗ ದೊಡ್ಡ ದವಾಖಾನಿ ಎಲ್ಲದೋ ಭಾಯಿ?”

“ಇಲ್ಲ. ಗೊತ್ತದ. ಮೊದಲ ಮನಿಗೆ ನಡಿ, ತೊಟ್ಟಿಲು ಒಯ್ಯೂದದ.”

ಯಮನಮ್ಮ ಒಂದೂ ಪ್ರಶ್ನೆ ಕೇಳಲಿಲ್ಲ. ಕೇಳಿದರೆ ಗಂಡನ ಮನಸ್ಸು ಬದಲಾದೀತೆಂದು ತೊಟ್ಟಿಲನ್ನು ನೆಲಕ್ಕೆ ಮಗುಚಿದಳು. ಉಳ್ಳಾಗಡ್ಡಿ ಮನೆ ತುಂಬ ಉರುಳಿದವು. ಐದು ತಿಂಗಳ ಹಿಂದೆ ಕಟ್ಟಿಟ್ಟಿದ್ದ ಚೀಲ ಎತ್ತಿಕೊಂಡಳು. ಅದರಲ್ಲಿದ್ದ ಅಂಗಿ, ಕುಂಚಿಗೆ ಇಷ್ಟರಲ್ಲಿ ಕೂಸಿಗೆ ಗಿಡ್ಡವಾಗಿದ್ದವು. ಇರಲಿ ಬಿಡಿ.

ಗಬ್ಬೂರು ದಾಟಿದ ಮೇಲೆ ಒಮ್ಮೆ ಸುಂಕಪ್ಪನ ಎದೆ ಹೊಡೆದುಕೊಂಡಿತು. “ಬಂದ್ಯಾ? ಕೂಡು, ಅರ್ಧ ತಾಸಿನ ಹಾದಿ ಅದ” ಎಂದು ಆ ಡವಡವಕ್ಕೇ ಹೇಳಿದ. ಯಾರ ಜೊತೆ ಮಾತಾಡುತ್ತಾನೆಂದು ಜಿಲಾನಿ ತಿರುಗಿ ನೋಡಿದ.

ಗೂಗಲ್‌ನ ಕಟ್ಟೆಯ ಮೇಲೆ ಕೂತವರು ತಲೆಯ ಮೇಲೆ ತೊಟ್ಟಿಲು ಕಟ್ಟಿಕೊಂಡು ಬಂದ ಆಟೋ ನೋಡಿ ಎದ್ದು ನಿಂತರು. ಲಗ್ನದಲ್ಲಿ ಅವನನ್ನು ಹೊತ್ತ ನಾಲ್ವರಲ್ಲಿ ಇಬ್ಬರು ಅಲ್ಲೇ ಇದ್ದರು. ಸುಂಕಪ್ಪ ಆಟೋವನ್ನು ಊರ ಬಾಯಲ್ಲೇ ನಿಲ್ಲಿಸಿದ. ತೊಟ್ಟಿಲು ಬಿಚ್ಚಿ, ಟವೆಲನ್ನು ಸಿಂಬಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು, ಓಣಿಯ ನಟ್ಟನಡುವೆ ನೆಟ್ಟಗೆ ನಡೆದ. ಕಲ್ಯಾಣಿ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು.

“ಬಂದೆ ಬೇ” ಎಂದ.

ಅವಳು ಕೂಸನ್ನು ಅವನ ಕೈಗೆ ಕೊಟ್ಟಳು. ಅಳುತ್ತಿದ್ದ ಕೂಸು. ಬಿಸಿಲಲ್ಲಿ ತೊಟ್ಟಿಲು ಹೊತ್ತು ಬಂದ ಸುಂಕಪ್ಪನ ಎದೆ ಜೋರಾಗಿ ಬಡಿದುಕೊಳ್ಳುತ್ತಿತ್ತು. ಕೂಸು ಅದರ ಮೇಲೆ ಕಿವಿಯಿಟ್ಟಿತು. ಅಳು ತಗ್ಗಿತು. ಯಾವ ಸದ್ದಿಗೆ ಅವನು ಹನ್ನೊಂದು ತಿಂಗಳು ದವಾಖಾನೆಗೆ ಓಡಿದ್ದನೋ ಅದೇ ಸದ್ದು ಕೇಳುತ್ತ ಕೂಸು ಕಣ್ಣು ಮುಚ್ಚಿತು.

“ಹೆಸರು ಹೇಳು ಯಪ್ಪಾ” ಎಂದಳು ಕಲ್ಯಾಣಿ.

“ಮೇಘಾ. ಮೆಲ್ಲಕ ಮಾತಾಡು, ಮಲಗ್ಯಾಳ.”